ಷಡ್ಡಕನ ಗಾಡಿ

೨೨ ಸೆಪ್ಟೆಂಬರ್ ೨೦೦೨, ಭಾನುವಾರ. ಕಣಕಟ್ಟೆ

ಇವತ್ತು ನಮ್ಮ ಮನೆಯಲ್ಲಿ ಕೋರ್ಟು ನಡೆಯಿತು. ಜಡ್ಜು ಅನುಸೂಯ, ವಕೀಲೆ ಅನುಸೂಯ, ಸಾಕ್ಷಿ ಹೇಳಿದವಳೂ ಅನುಸೂಯ. ಕಟಕಟೆಯಲ್ಲಿ ನಾನು ಮತ್ತು ನನ್ನ ಮೊಪೆಡ್ಡು. ಅಪರಾಧ ದೊಡ್ಡದೇನಲ್ಲ. ಅಂಗಳದಲ್ಲಿ ನಿಲ್ಲಿಸಿದ್ದ ಗಾಡಿ ತಾನಾಗಿಯೇ ಸ್ಟ್ಯಾಂಡು ಮಡಚಿಕೊಂಡು, ಸಂಡಿಗೆ ಒಣಹಾಕಿದ್ದ ಪಂಚೆಯ ಮೇಲೆ ಮಲಗಿಬಿಟ್ಟಿತು. ಪೆಟ್ರೋಲು ಕುಡಿದ ಸಂಡಿಗೆ ಎಣ್ಣೆಗೆ ಬಿಟ್ಟರೆ ಇನ್ನೂ ಚೆನ್ನಾಗಿ ಅರಳೀತು ಎಂದೆ. ಆ ಮಾತು ಆಡಬಾರದಿತ್ತು.

"ನವೆಂಬರಿಗೆ ಇದಕ್ಕೆ ಹದಿನೈದು ವರ್ಷ ತುಂಬುತ್ತೆ," ಎಂದಳು ನನ್ನ ಧರ್ಮಪತ್ನಿ. "ಎಫ್.ಸಿ. ಮಾಡಿಸಿ ಇನ್ನೈದು ವರ್ಷ ತಂದ್ರೋ ಸರಿ. ಇಲ್ಲ ಅಂದ್ರೆ ಗುಜರಿಗೆ. ಆಮೇಲೆ ನನ್ ಹತ್ರ ಬಂದು ಮೂತಿ ಸಣ್ಣ ಮಾಡ್ಬೇಡಿ."

ಹೇಳುವುದು ಸುಲಭ. ನಾನು ಮೇಷ್ಟ್ರಾಗಿರುವ ಹಳ್ಳಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ಅದೂ ಡ್ರೈವರಿಗೆ ಮನಸ್ಸಿದ್ದರೆ. ಆದರೆ ಬಸ್ಸಿನ ಮಾತು ಅವಳ ಮುಂದೆ ಆಡುವುದಕ್ಕೆ. ಇಲ್ಲಿ ಬರೆಯುವುದು ನನಗೊಬ್ಬನಿಗೇ ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ಆ ಗಾಡಿ ಎಂದರೆ ನನಗೆ ಪ್ರಾಣ. ಅದರ ಒಂದೊಂದು ಕೆಮ್ಮಿನ ಅರ್ಥವೂ ನನಗೆ ಗೊತ್ತು. ಅಂಥ ಇಂಜಿನ್ನು ಅರಸೀಕೆರೆ ತಾಲ್ಲೂಕಿನಲ್ಲೇ ಇನ್ನೊಂದಿಲ್ಲ. ಹುಲಿಕೆರೆಯ ಒಬ್ಬ ಮಹಾಶಯನ ಹತ್ತಿರ ಅದೇ ಮಾಡೆಲ್ಲಿನ, ಅದೇ ವರ್ಷದ ಒಂದು ಡಬ್ಬ ಇದೆ. ಅದನ್ನೂ ಗಾಡಿ ಎಂದು ಕರೆದರೆ ನನ್ನ ಗಾಡಿಗೆ ಅವಮಾನ.

೨೫ ಸೆಪ್ಟೆಂಬರ್, ಬುಧವಾರ

ಶಾಲೆ ಮುಗಿಸಿ ಅರಸೀಕೆರೆಗೆ ಹೋಗಿ ಏಜೆಂಟ್ ಜವರಪ್ಪನನ್ನು ಕಂಡೆ. ಆರ್.ಟಿ.ಓ. ಕೆಲಸ ಏನಿದ್ದರೂ ನಮ್ಮ ಕಡೆಯವರು ಹಿಡಿಯುವುದು ಅವನನ್ನೇ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಭಕ್ತಿಯಿಂದಲ್ಲ.

"ಬ್ರೇಕ್ ಐತಾ ಮೇಷ್ಟ್ರೇ?"

"ಇದೆಯಲ್ಲ."

"ಎಲ್ಲೈತೆ?"

ಗಾಡಿಯ ಮೇಲೆ ಕೂತು ಎರಡೂ ಚಪ್ಪಲಿಗಳನ್ನು ನೆಲಕ್ಕೆ ಒತ್ತಿ ತೋರಿಸಿದೆ.

"ಬರೋರು ಬ್ರೇಕ್ ಇನ್‌ಸ್ಪೆಕ್ಟ್ರು ಸ್ವಾಮಿ. ಹೆಸ್ರಲ್ಲೇ ಬ್ರೇಕ್ ಐತೆ. ನಿಮ್ ಚಪ್ಲಿ ನೋಡಾಕೆ ಬರಾಕಿಲ್ಲ."

ಗಾಡಿ ಇನ್ನೂ ರಸ್ತೆಗೆ ಯೋಗ್ಯ ಎಂದು ಆ ಇನ್‌ಸ್ಪೆಕ್ಟರು ಒಪ್ಪಬೇಕಾದರೆ ಬ್ರೇಕು, ಹಾರನ್ನು, ಲೈಟು ಎಲ್ಲ ಸರಿಯಿರಬೇಕಂತೆ. ಆರ್.ಸಿ. ಬುಕ್ಕಿನಲ್ಲಿ ಬಣ್ಣ ಕೆಂಪು ಎಂದಿರುವುದರಿಂದ ಗಾಡಿ ಕೆಂಪಗೇ ಇರಬೇಕಂತೆ. ನನ್ನದು ಸದ್ಯ ನೀಲಿ. ಇಷ್ಟು ಸಾಲದು ಎಂದು ಹ್ಯಾಂಡಲ್ಲಿನ ಕುತ್ತಿಗೆಯ ಮೇಲೆ ಕೊರೆದಿರುವ ಚಾಸಿ ನಂಬರಿನ ಅಚ್ಚು ಬೇರೆ ಬೇಕು. ಮಕ್ಕಳು ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಾರಲ್ಲ, ಹಾಗೆ ಉಜ್ಜಿ ತೆಗೆಯಬೇಕು.

"ನಂಬ್ರೇ ಕಾಣಾಕಿಲ್ವಲ್ಲ ಮೇಷ್ಟ್ರೇ?"

"ಬಣ್ಣದ ಕೆಳಗಿದೆ."

"ಎಷ್ಟ್ ಬಣ್ಣದ ಕೆಳಗೆ?"

ಇಂಥ ಅಧಿಕಪ್ರಸಂಗದ ಪ್ರಶ್ನೆಗೆಲ್ಲ ನಾನು ಉತ್ತರ ಕೊಡುವುದಿಲ್ಲ.

೨ ಅಕ್ಟೋಬರ್, ಬುಧವಾರ

ಶಾಲೆಯಲ್ಲಿ ಗಾಂಧಿ ಜಯಂತಿ ಮುಗಿಸಿ ಬಂದು ಗಾಡಿಯ ಕುತ್ತಿಗೆ ಕೆರೆಯಲು ಕೂತೆ. ಪ್ರತಿ ಆಯುಧಪೂಜೆಗೂ ಗಾಡಿಗೆ ಹೊಸ ಬಣ್ಣ ಬಳಿಯುವುದು ನನ್ನ ಪದ್ಧತಿ. ಬಣ್ಣ ಕೊಂಡು ತಂದದ್ದು ಒಂದು ಸಲವೂ ಇಲ್ಲ. ಊರಿನಲ್ಲಿ ಯಾರ ಡಬ್ಬಿಯಲ್ಲಿ ಏನು ಉಳಿದಿದೆಯೋ ಅದೇ ಆ ವರ್ಷದ ಬಣ್ಣ. ನೀಲಿ ಕೆರೆದರೆ ನಮ್ಮ ಕಿಟಕಿಯ ಹಸಿರು ಬಂತು. ಅದರ ಕೆಳಗೆ ಶಾಲೆಯ ಬೋರ್ಡಿನ ಕಪ್ಪು. ಆ ವರ್ಷ ಹುಡುಗರು ಪೆಟ್ರೋಲ್ ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ಮಗ್ಗಿ ಬರೆದು ನನ್ನ ಕೈಯಲ್ಲಿ ಬೈಸಿಕೊಂಡಿದ್ದರು. ಕಪ್ಪಿನ ಕೆಳಗೆ ಡೈರಿ ಗೇಟಿನ ಕೆನೆ ಬಣ್ಣ, ಅದರ ಕೆಳಗೆ ಯಾರದೋ ಎತ್ತಿನಗಾಡಿಯ ಹಳದಿ. ಸೀಮೆಎಣ್ಣೆ ಮುಗಿಯಿತು, ಅನುಸೂಯಳ ತಾಳ್ಮೆಯೂ ಮುಗಿಯಿತು, ಆಮೇಲೆ ಕೆಂಪು ಕಾಣಿಸಿ ನಂಬರು ಬಂತು.

ಪೆನ್ಸಿಲ್ ಉಜ್ಜಿದೆ. ಆರ್.ಸಿ. ಬುಕ್ಕಿನ ಪಕ್ಕ ಹಿಡಿದು ನೋಡಿದೆ.

ಬುಕ್ಕಿನಲ್ಲಿ ಕೊನೆಗೆ ಅರವತ್ತೊಂದು. ಗಾಡಿಯ ಮೇಲೆ ಅರವತ್ತೆರಡು.

ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಉಜ್ಜಿದೆ. ಅರವತ್ತೆರಡೇ. ಇಂಜಿನ್ ನಂಬರೂ ಹೊಂದುವುದಿಲ್ಲ. ಮಕ್ಕಳ ಲೆಕ್ಕವಾಗಿದ್ದರೆ ಕಿವಿ ಹಿಂಡಿ ತಿದ್ದಿಸುತ್ತಿದ್ದೆ. ಕಬ್ಬಿಣದ ಕಿವಿ ಹಿಂಡುವುದು ಹೇಗೆ?

೩ ಅಕ್ಟೋಬರ್, ಗುರುವಾರ

ಊಟ ಸೇರುತ್ತಿಲ್ಲ.

ಜವರಪ್ಪ ಕಾಗದ ನೋಡಿ ಮೊದಲು ಕೇಳಿದ್ದು, "ಕದ್ದ ಮಾಲಾ ಮೇಷ್ಟ್ರೇ?" ಇಪ್ಪತ್ತೈದು ವರ್ಷ ಪಾಠ ಹೇಳಿದವನಿಗೆ ಕೇಳುವ ಮಾತೇ ಇದು! ಆಮೇಲೆ ತಲೆ ಕೆರೆದುಕೊಂಡು, "ಅಕ್ಕಪಕ್ಕದ ನಂಬ್ರು. ನಿಮ್ ಜೊತೆ ಇನ್ನೊಂದ್ ಗಾಡಿ ಯಾರಾದ್ರೂ ತಗೊಂಡಿದ್ರಾ?" ಎಂದ.

ತೆಗೆದುಕೊಂಡಿದ್ದ. ಹುಲಿಕೆರೆಯವನು.

ನನ್ನ ಹೆಂಡತಿಯ ತಂಗಿ ದ್ರಾಕ್ಷಾಯಣಿಯನ್ನು ಎಂಬತ್ತೇಳರಲ್ಲಿ ಷಡಕ್ಷರಪ್ಪ ಎಂಬ ಪಂಪ್‌ಸೆಟ್ ರಿಪೇರಿಯವನಿಗೆ ಕೊಟ್ಟರು. ಹೆಸರೇ ಷಡಕ್ಷರಪ್ಪ, ನನಗೆ ಆಗಬೇಕಾದದ್ದು ಷಡ್ಡಕ, ದೇವರಿಗೂ ತಮಾಷೆ ಬೇಕು. ಮೊದಲ ದೀಪಾವಳಿಗೆ ಕಿರಿಯ ಅಳಿಯನಿಗೆ ಮೊಪೆಡ್ ಕೊಡಿಸುತ್ತೇನೆ ಎಂದರು ಜಾವಗಲ್ಲಿನ ನಮ್ಮ ಮಾವ. ನನಗೆ ನನ್ನ ಮೊದಲ ದೀಪಾವಳಿಯಲ್ಲಿ ಕೊಟ್ಟದ್ದು ಒಂದು ಪಂಚೆ. ನಾನು ಒಂದು ಮಾತೂ ಆಡಲಿಲ್ಲ. ಹೋಳಿಗೆ ಬೇಡ ಎಂದು ಬಾವಿಕಟ್ಟೆಯ ಮೇಲೆ ಹೋಗಿ ಕೂತೆ, ಅಷ್ಟೆ. ಮಾವ ಮರುದಿನ ಎರಡು ಗಾಡಿಗೆ ಹೇಳಿಬಿಟ್ಟರು.

ಒಂದೇ ದಿನ, ಒಂದೇ ಕೆಂಪಿನ ಎರಡು ಗಾಡಿ ಬಂದವು. ಬೋರ್ಡು ಬರೆಯುವವನು ನಂಬರು ಬರೆದು ಅದಕ್ಕೆ ಇದನ್ನು, ಇದಕ್ಕೆ ಅದನ್ನು ಬಿಗಿದಿದ್ದಾನೆ. ನಾವು ಬೋರ್ಡು ನೋಡಿ ಹತ್ತಿಕೊಂಡು ಬಂದೆವು. ಅಂದರೆ ಹದಿನೈದು ವರ್ಷದಿಂದ ನಾನು ಕೂತಿರುವುದು ಷಡಕ್ಷರಪ್ಪನ ಗಾಡಿಯ ಮೇಲೆ. ಅವನು ಕೂತಿರುವುದು ನನ್ನದರ ಮೇಲೆ!

ಜವರಪ್ಪ ಹೇಳುವ ಉಪಾಯ ಇಷ್ಟು. ಈ ತಿಂಗಳ ಕೊನೆಗೆ ಬೇಲೂರಿನಲ್ಲಿ ಆರ್.ಟಿ.ಓ. ಕ್ಯಾಂಪು. ಇಬ್ಬರೂ ಒಟ್ಟಿಗೆ ಹೋಗಬೇಕು. ಮೊದಲೇ ಬೋರ್ಡು ಅದಲು ಬದಲು ಮಾಡಿಕೊಂಡು, ಅವನ ಗಾಡಿಯನ್ನು ನಾನು, ನನ್ನ ಗಾಡಿಯನ್ನು ಅವನು ತೋರಿಸಬೇಕು. ಎಫ್.ಸಿ. ಆದ ಮೇಲೆ ಬೋರ್ಡು ಮತ್ತೆ ಬದಲಾಯಿಸಿ ಅವರವರ ಗಾಡಿ ಅವರವರು ತಂದರಾಯಿತು.

"ಅವನ ಹತ್ರ ನಾನು ಹೋಗಲಾರೆ," ಎಂದೆ.

"ಹಂಗಾದ್ರೆ ಗುಜ್ರಿ ಅಂಗ್ಡಿ ಹತ್ರ ಹೋಗಿ. ಅಲ್ಲೇ ಮುಂದ್ಗಡೆ ಐತೆ," ಎಂದ ಪುಣ್ಯಾತ್ಮ.

ಷಡಕ್ಷರಪ್ಪನ ಜೊತೆ ನಾನು ಮಾತು ಬಿಟ್ಟು ಆರು ವರ್ಷವಾಯಿತು. ಜಾವಗಲ್ಲಿನಿಂದ ಬಾಣಾವರದ ತನಕ ಇಬ್ಬರೂ ರೇಸು ಕಟ್ಟಿದ್ದೆವು. ನಾನು ಗೆದ್ದೆ. ಮಾವ ಮೂರು ಎನ್ನುವ ಮೊದಲೇ ನಾನು ಹೊರಟೆ ಎಂದು ಅವನು ಸುಳ್ಳು ಹೇಳಿದ. ಎರಡೂವರೆ ಎಂದಾಗ ಹೊರಟಿರಬಹುದು. ಅಷ್ಟಕ್ಕೇ ನನ್ನ ಗಾಡಿಯನ್ನು ಡಬ್ಬ ಎಂದ.

೪ ಅಕ್ಟೋಬರ್, ಶುಕ್ರವಾರ

ಅನುಸೂಯಳಿಗೆ ಹೇಳಲೇಬೇಕಾಯಿತು. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ನಕ್ಕಳು ನೋಡಿ, ಪಕ್ಕದ ಮನೆಯವರು ಬಂದು ಏನಾಯಿತು ಎಂದು ಕೇಳುವ ಹಾಗೆ.

"ಅಂದ್ರೆ ನೀವು ಇಷ್ಟ್ ವರ್ಷ ಹೊಗಳಿದ್ದು ಅವರ ಗಾಡೀನಾ? ಬೈದಿದ್ದೆಲ್ಲ ನಿಮ್ ಗಾಡೀನಾ? ತಡೀರಿ, ದ್ರಾಕ್ಷಾಯಣಿಗೆ ಫೋನ್ ಮಾಡ್ತೀನಿ."

"ನೀನು ಅವಳ ಹತ್ರ ಮಾತಾಡ್ತೀಯಾ?"

"ಪ್ರತಿ ಗುರುವಾರ ಎಸ್.ಟಿ.ಡಿ. ಬೂತಿಂದ. ಟೂ ಬಿಟ್ಟಿರೋದು ಗಂಡಸ್ರು, ನಾವಲ್ಲ. ಆದ್ರೂ ಫೋನಲ್ಲಿ ಎಷ್ಟೂಂತ ಮಾತಾಡೋದು ಹೇಳಿ. ಅವಳ ಮುಖ ನೋಡಿ ಆರು ವರ್ಷ ಆಯ್ತು." ಕೊನೆಯ ಮಾತು ಹೇಳುವಾಗ ನಗುತ್ತಿರಲಿಲ್ಲ. ನಾನು ಪೇಪರ್ ಓದುತ್ತಿದ್ದೆ.

೬ ಅಕ್ಟೋಬರ್, ಭಾನುವಾರ

ಹುಲಿಕೆರೆಗೆ ಹೋಗಿದ್ದೆ. ಅವನನ್ನು ನೋಡುವುದಕ್ಕಲ್ಲ. ಹುಲಿಕೆರೆಯ ಹಳೇ ಕೊಳ ಬಹಳ ಚೆನ್ನಾಗಿದೆ, ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆತರಬಹುದೇ ಎಂದು ನೋಡಲು ಹೋದದ್ದು. ಹೋದ ಮೇಲೆ ನಾದಿನಿಯ ಮನೆಯಲ್ಲಿ ನೀರು ಕುಡಿಯದೆ ಬರುವುದು ಸರಿಯಲ್ಲ.

ದ್ರಾಕ್ಷಾಯಣಿ, "ಬನ್ನಿ ಭಾವ, ಬನ್ನಿ ಭಾವ," ಎಂದು ಓಡಿ ಬಂದಳು. ತಲೆಯಲ್ಲಿ ಬಿಳಿ ಕೂದಲು ಬಂದಿದೆ. ಅವನು ಶೆಡ್ಡಿನಲ್ಲಿ ಯಾವುದೋ ಮೋಟಾರು ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತಲಿಲ್ಲ.

"ದ್ರಾಕ್ಷಾಯಣಿ, ಬಂದೋರು ಯಾವ್ ಕೆಲ್ಸದ ಮೇಲೆ ಬಂದ್ರು ಅಂತ ಕೇಳು."

"ಕೊಳ ನೋಡೋಕೆ ಬಂದೆ ಅಂತ ಹೇಳಮ್ಮ."

"ಕೊಳ ಆ ಕಡೀಕೈತೆ ಅಂತ ಹೇಳು. ಮೆಟ್ಲು ಜಾರ್ತವೆ, ಚಪ್ಲಿ ಬ್ರೇಕು ಅಲ್ಲಿ ಹಿಡಿಯಾಕಿಲ್ಲ ಅಂತಾನೂ ಹೇಳು."

"ನನ್ನ ಚಪ್ಪಲಿ ವಿಷಯ ಬೇರೆಯವರಿಗೆ ಬೇಡ ಅಂತ ಹೇಳಮ್ಮ."

ದ್ರಾಕ್ಷಾಯಣಿ ನೀರಿನ ಲೋಟ ಠಪ್ ಎಂದು ಇಟ್ಟಳು. "ನಾನೇನ್ ಟೆಲಿಫೋನ್ ಎಕ್ಸ್‌ಚೇಂಜಾ? ಏನಾರ ಮಾಡ್ಕೊಳಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನು ಯಾರ ಮೂಲಕ ಮಾತಾಡುವುದು? ಒಂದು ಕೋಳಿ ಇತ್ತು, ಅದೂ ಎದ್ದು ಹೋಯಿತು.

ಆಗ ನನಗೆ ಸೀಮೆಎಣ್ಣೆಯ ವಾಸನೆ ಬಂತು. ಶೆಡ್ಡಿನ ಮೂಲೆಯಲ್ಲಿ ಅವನ ಡಬ್ಬ ನಿಂತಿತ್ತು, ಕುತ್ತಿಗೆಯ ಬಣ್ಣ ಕೆರೆದು ಥಳಥಳ ಮಾಡಿದ್ದ. ಅವನದೂ ನವೆಂಬರಿಗೆ ಮುಗಿಯುತ್ತದಲ್ಲ! ಎದ್ದು ಹೋಗಿ ಬಗ್ಗಿ ನೋಡಿದೆ. ಅರವತ್ತೊಂದು.

"ಅದು ನಂದು," ಎಂದೆ.

"ಅದು ನಿಮ್ದು. ನಿಮ್ ಹತ್ರ ಇರೋದು ನಂದು," ಎಂದ. ಆರು ವರ್ಷದ ಮೇಲೆ ಅವನು ನೇರ ನನಗೆ ಆಡಿದ ಮೊದಲ ಮಾತು. ಎರಡನೆಯ ಮಾತಿಗೇ ಜಗಳ ತೆಗೆದ. "ಅಲ್ಲಾ ಮೇಷ್ಟ್ರೇ, ಹಂಗಾದ್ರೆ ಬಾಣಾವರದ ರೇಸ್ನಾಗೆ ಗೆದ್ದಿದ್ದು ಯಾರ್ ಗಾಡಿ? ನಂದು! ನೀವೇ ಗೆದ್ದೆ ಗೆದ್ದೆ ಅಂತ ಊರೆಲ್ಲ ಡಂಗುರ ಹೊಡ್ದಿದ್ದೀರಿ."

"ಓಡಿಸಿದ್ದು ನಾನು!"

"ಸಗಣಿ ಗಾಡಿ ಅಂದ್ರಲ್ಲ ನನ್ ಗಾಡೀನ, ಅದ್ಯಾರ್ದು?"

"ನೀನು ಡಬ್ಬ ಅಂದೆಯಲ್ಲ, ಅದು ನಿಂದೇ!"

ಹೀಗೇ ಕೂಗಾಡಿದೆವು. ಯಾರು ಯಾರ ಗಾಡಿಯ ಪರ ಮಾತಾಡುತ್ತಿದ್ದೇವೆ ಎನ್ನುವುದೇ ತಪ್ಪಿಹೋಯಿತು. ಒಂದು ಹಂತದಲ್ಲಿ ಅವನ ಡಬ್ಬವನ್ನು ನಾನು, ನನ್ನ ಗಾಡಿಯನ್ನು ಅವನು ಎದೆ ತಟ್ಟಿಕೊಂಡು ಹೊಗಳುತ್ತಿದ್ದೆವು. ಒಳಗಿನಿಂದ ದ್ರಾಕ್ಷಾಯಣಿ ನಗುವುದು ಕೇಳಿಸಿತು. ಅವಳ ಅಕ್ಕನ ನಗುವೇ.

ಬೋರ್ಡು ಬದಲಾಯಿಸುವ ಉಪಾಯಕ್ಕೆ ಒಪ್ಪಿದ. ರೊಟ್ಟಿ ತಿಂದು ಬಂದೆ, ಹುಚ್ಚೆಳ್ಳು ಚಟ್ನಿ ಇತ್ತು. ಕೊಳ ನೋಡುವುದು ಮರೆತುಹೋಯಿತು.

೧೨ ಅಕ್ಟೋಬರ್, ಶನಿವಾರ. ಹುಲಿಕೆರೆ

ದಸರಾ ರಜೆ. ಬಣ್ಣ ಬಳಿಯುವ ಕೆಲಸಕ್ಕೆಂದು ನಿನ್ನೆ ಬಂದೆ. ಅನುಸೂಯ, "ಒಂದ್ ದಿನದ ಕೆಲಸಕ್ಕೆ ನಾಲ್ಕ್ ಶರ್ಟ್ ಯಾಕೆ?" ಎಂದಳು. ನಾನೂ ಬರುತ್ತೇನೆ ಎಂದು ಅವಳೂ ಚೀಲ ಹಿಡಿದು ಹಿಂದೆ ಕೂತಳು. ಅಕ್ಕತಂಗಿ ಬಾಗಿಲಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ದಾರಿಯ ಧೂಳು ಇರಬೇಕು.

ಷಡಕ್ಷರಪ್ಪ ನನ್ನ ಗಾಡಿಗೆ ಹೊಸ ಬ್ರೇಕ್ ಶೂ ಹಾಕಿದ. ಈಗ ಬ್ರೇಕ್ ಹಿಡಿದರೆ ಗಾಡಿ ನಿಲ್ಲುತ್ತದೆ! ಅಭ್ಯಾಸವಿಲ್ಲದೆ ಎರಡು ಸಲ ಹ್ಯಾಂಡಲ್ಲಿಗೆ ಹೊಟ್ಟೆ ಹೊಡೆಸಿಕೊಂಡೆ. ಅವನು ನಕ್ಕಿದ್ದು ಸರಿಯಲ್ಲ, ಆದರೆ ಕೆಲಸ ಬಲ್ಲವ.

ಕೈಯೆಲ್ಲ ಕೆಂಪು ಬಣ್ಣ, ಪೆನ್ನಿಗೂ ಹತ್ತುತ್ತಿದೆ. ಇಷ್ಟು ಸಾಕು.

೧೪ ಅಕ್ಟೋಬರ್, ಸೋಮವಾರ. ಹುಲಿಕೆರೆ

ಆಯುಧಪೂಜೆ. ಎರಡೂ ಗಾಡಿ ಅಕ್ಕಪಕ್ಕ ನಿಲ್ಲಿಸಿ ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿದೆವು. ಎರಡೂ ಒಂದೇ ಕೆಂಪು. ಮಾವ ಮನೆಗೆ ತಂದ ದಿನ ಹೀಗೇ ಇದ್ದವು. ಬೂದುಗುಂಬಳಕಾಯಿ ಯಾವ ಗಾಡಿಯ ಮುಂದೆ ಒಡೆಯಬೇಕು ಎಂದು ಸ್ವಲ್ಪ ಮಾತು ಬೆಳೆಯಿತು. ಕೊನೆಗೆ ಎರಡರ ನಡುವೆ ಒಡೆದೆವು.

ಇವತ್ತು ಊರಿಗೆ ಹೊರಡಬೇಕಿತ್ತು. ಬಣ್ಣ ಪೂರ್ತಿ ಆರಿಲ್ಲ ಎಂದ ಷಡಕ್ಷರಪ್ಪ. ಮುಟ್ಟಿ ನೋಡಿದೆ, ಆರಿತ್ತು. ಆದರೂ ಬಣ್ಣದ ವಿಷಯದಲ್ಲಿ ಅವಸರ ಒಳ್ಳೆಯದಲ್ಲ. ನಾಳೆ ಹೋದರಾಯಿತು.

೨೬ ಅಕ್ಟೋಬರ್, ಶನಿವಾರ

ಇವತ್ತು ನಡೆದದ್ದೆಲ್ಲವನ್ನೂ ಬರೆಯಬೇಕು.

ಸಿ.ಎಲ್. ಹಾಕಿ ನಿನ್ನೆಯೇ ಹುಲಿಕೆರೆಗೆ ಹೋಗಿದ್ದೆ. ಬೆಳಿಗ್ಗೆ ಇಬ್ಬರೂ ಬೇಲೂರಿಗೆ ಹೊರಟೆವು. ಕ್ಯಾಂಪು ಐ.ಬಿ. ಮೈದಾನದಲ್ಲಿ. ಅದಕ್ಕೆ ಮುಂಚೆ ಯಗಚಿ ಸೇತುವೆಯ ಪಕ್ಕ ಗಿಡದ ಮರೆಗೆ ಹೋಗಿ ಬೋರ್ಡು ಬಿಚ್ಚಿ ಅದಲು ಬದಲು ಮಾಡಿದೆವು. ರಸ್ತೆಯಲ್ಲಿ ಒಂದು ಸೈಕಲ್ಲು ಹೋದರೂ ನಾನು ಗಿಡದ ಹಿಂದೆ ಕುಕ್ಕರಿಸುತ್ತಿದ್ದೆ. ಜನ್ಮದಲ್ಲಿ ಒಂದು ಸುಳ್ಳು ಹಾಜರಿ ಹಾಕದವನು ನಾನು. "ಸಿಕ್ಕಿಬಿದ್ರೆ ನನ್ ಹೆಸ್ರು ಹೇಳ್ಬೇಡಿ," ಎಂದ ಷಡಕ್ಷರಿ. "ಬೋರ್ಡಿನ ಮೇಲಿರೋದೇ ನಿನ್ನ ನಂಬರು, ಇನ್ನು ಹೆಸರು ಹೇಳೋದೇನು," ಎಂದೆ. ಇಬ್ಬರೂ ನಕ್ಕೆವು. ಆಮೇಲೆ ನಗು ನಿಲ್ಲಿಸುವುದೇ ಕಷ್ಟವಾಯಿತು.

ನಾನು ಅವನ ಗಾಡಿ ಹತ್ತಿಕೊಂಡೆ. ಹದಿನೈದು ವರ್ಷದಲ್ಲಿ ಅದರ ಮೇಲೆ ಕೂತದ್ದು ಇದೇ ಮೊದಲು. ಸೀಟು ಹಲಗೆ.

ಬ್ರೇಕ್ ಇನ್‌ಸ್ಪೆಕ್ಟರು ದಪ್ಪ ಮೀಸೆಯ ಮನುಷ್ಯ, ಬಿಸಿಲಿಗೆ ಬೇಸತ್ತಿದ್ದರು. "ಓಡ್ಸಿ," ಎಂದರು, ಓಡಿಸಿದೆ. "ಬ್ರೇಕ್," ಎಂದರು, ಹಿಡಿದೆ, ನಿಂತಿತು. ಅಭ್ಯಾಸಬಲದಿಂದ ಚಪ್ಪಲಿಯನ್ನೂ ಊರಿದ್ದು ಅವರು ನೋಡಲಿಲ್ಲ. "ಹಾರ್ನ್," ಎಂದರು.

ಒತ್ತಿದೆ. ಸದ್ದೇ ಇಲ್ಲ. ಬೋರ್ಡು ಬಿಚ್ಚುವ ಗಡಿಬಿಡಿಯಲ್ಲಿ ಯಾವುದೋ ವೈರು ಕಿತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಗುಜರಿ ಅಂಗಡಿ ಕಣ್ಣಿಗೆ ಕಟ್ಟಿತು. ಇನ್ನೊಂದು ಸಲ ಒತ್ತಿದೆ. ಪೀಂ ಎಂದು ಜೋರಾಗಿ ಕೂಗಿತು. ಆದರೆ ಕೂಗಿದ್ದು ನನ್ನ ಬೆನ್ನ ಹಿಂದೆ. ಷಡಕ್ಷರಿ ಮುಖವನ್ನು ಆಕಾಶಕ್ಕೆ ಎತ್ತಿಕೊಂಡು, ಹೆಬ್ಬೆಟ್ಟನ್ನು ಮಾತ್ರ ತನ್ನ ಹಾರನ್ನಿನ ಮೇಲೆ ಇಟ್ಟಿದ್ದ.

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು, ಅವನನ್ನು ನೋಡಿದರು. "ಏನ್ರೀ, ಇಲ್ಲಿ ಒತ್ತಿದ್ರೆ ಅಲ್ಲಿ ಕೂಗುತ್ತೆ? ಅಲ್ಲೀತನಕ ವೈರ್ ಎಳ್ದಿದ್ದೀರಾ?"

"ಜೋಡಿ ಗಾಡಿ ಸಾರ್," ಎಂದ ಷಡಕ್ಷರಿ. "ಒಂದ್ರ ಹೊಟ್ಟೆ ಅಮುಕಿದ್ರೆ ಇನ್ನೊಂದ್ ಕೂಗ್ತದೆ."

ಅವರು ಬೈಯಲು ಬಾಯಿ ತೆರೆದವರು ನಕ್ಕುಬಿಟ್ಟರು. "ಸರಿ ಮಾಡ್ಕೊಂಡ್ ಬನ್ನಿ, ಆಮೇಲೆ ನೋಡ್ತೀನಿ," ಎಂದರು. ಷಡಕ್ಷರಿ ಹಲ್ಲಿನಲ್ಲೇ ವೈರು ಸುಲಿದು ಸಿಕ್ಕಿಸಿದ. ಇನ್ನು ಉಳಿದದ್ದು ನಂಬರು. ಅವರು ಅಚ್ಚಿನ ಕಾಗದ ಹಿಡಿದು ಬಗ್ಗಿ, ಒಂದೊಂದೇ ಅಂಕಿ ಓದುವಾಗ ನಾನೂ ಮನಸ್ಸಿನಲ್ಲೇ ಜೊತೆಗೆ ಓದಿದೆ. ಪಕ್ಕದಲ್ಲಿ ಷಡಕ್ಷರಿ ನನ್ನ ಶರ್ಟಿನ ತುದಿ ಹಿಡಿದುಕೊಂಡಿದ್ದ.

"ಗಾಡಿ, ಬೋರ್ಡು, ಬುಕ್ಕು ಮೂರೂ ತಾಳೆಯಾಗುತ್ತೆ," ಎಂದರು. "ಇಷ್ಟ್ ನೀಟಾಗಿ ಇಟ್ಕೊಳ್ಳೋರು ಕಮ್ಮಿ ಮೇಷ್ಟ್ರೇ." ನನ್ನದೂ ಪಾಸು, ಅವನದೂ ಪಾಸು. ಐದು ವರ್ಷ!

ಆಮೇಲೆ ಹೋಟೆಲಿನಲ್ಲಿ ದೋಸೆ ತಿನ್ನುವಾಗ ನನಗೆ ಹೊಳೆಯಿತು. ಕಳ್ಳರ ಹಾಗೆ ಗಿಡದ ಮರೆಯಲ್ಲಿ ಅಡಗಿ ನಾವು ಮಾಡಿದ್ದೇ ಸರಿಯಾದ ಕೆಲಸ. ಹದಿನೈದು ವರ್ಷದಲ್ಲಿ ಆ ಗಾಡಿಗಳು ಕಾನೂನಿನ ಪ್ರಕಾರ ನಿಂತದ್ದು ಇವತ್ತು ಮಾತ್ರ. ಹೇಳಿದೆ. ಷಡಕ್ಷರಿಗೆ ಚಟ್ನಿ ನೆತ್ತಿಗೇರಿತು, ಬೆನ್ನು ತಟ್ಟಿದೆ.

ಬೋರ್ಡು ಮರಳಿ ಬದಲಾಯಿಸಲು ಹೋದರೆ ಒಂದು ಸ್ಕ್ರೂವಿನ ತಲೆ ಸವೆದುಹೋಗಿತ್ತು. ಸಂಜೆಯಾಗುತ್ತಿತ್ತು, ಮೋಡ ಬೇರೆ. "ಇವತ್ತಿಗೆ ಹಿಂಗೇ ಹೋಗಾನ. ಬರೋ ಭಾನುವಾರ ಮನೆತಾವ ಬನ್ನಿ, ನಿಧಾನಕ್ಕೆ ಬಿಚ್ಚಾನ," ಎಂದ. ಹಾಗಾಗಿ ನಾನು ಊರಿಗೆ ಬಂದದ್ದು ಅವನ ಗಾಡಿಯ ಮೇಲೆ. ಜಾವಗಲ್ಲಿನ ದಿಬ್ಬವನ್ನು ಪೆಡಲ್ ತುಳಿಯದೆ ಹತ್ತಿತು. ಹಿಂದಿನಿಂದ ಗಾಳಿ ಇತ್ತು ಎಂದು ಕಾಣುತ್ತದೆ.

೩ ನವೆಂಬರ್, ಭಾನುವಾರ

ಬೋರ್ಡಿನ ಕೆಲಸಕ್ಕೆ ಹುಲಿಕೆರೆಗೆ ಹೋದೆವು. ಅನುಸೂಯ ಸಂಡಿಗೆ ಕಟ್ಟಿಕೊಂಡಿದ್ದಳು. ಹಲಸಂದೆ ಸಾರು, ಮುದ್ದೆ. ಊಟವಾದ ಮೇಲೆ ನಾನೇ ನೆನಪಿಸಿದೆ.

"ಸ್ಕ್ರೂಡ್ರೈವರ್ ಕೊಡಪ್ಪ, ಬಿಚ್ಚಿಬಿಡೋಣ."

"ಅಯ್ಯೋ, ನಮ್ಮನೇಲಿ ಸ್ಕ್ರೂಡ್ರೈವರ್ರೇ ಇಲ್ಲ ಕಣ್ರೀ," ಎಂದ ಷಡಕ್ಷರಿ.

ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ಟನ್ನೆಲ್ಲ ಬಿಚ್ಚುವವನು ಅವನು. ಹಾಗೆ ಹೇಳುವಾಗ ಅವನ ತಲೆಯ ಹಿಂದಿನ ಗೋಡೆಯಲ್ಲಿ ಚಿಕ್ಕದರಿಂದ ದೊಡ್ಡದರವರೆಗೆ ಒಂದು ಸಾಲು ಸ್ಕ್ರೂಡ್ರೈವರು ಮೊಳೆಗೆ ನೇತಾಡುತ್ತಿದ್ದವು. ನೋಡಿದೆ. ಅವನೂ ನಾನು ನೋಡಿದ್ದನ್ನು ನೋಡಿದ.

"ಇಲ್ಲದಿದ್ದರೆ ಏನು ಮಾಡೋಕಾಗುತ್ತೆ," ಎಂದೆ. "ಮುಂದಿನ ಸಲ ನಾನೇ ತರ್ತೀನಿ."

೧೩ ನವೆಂಬರ್, ಬುಧವಾರ

ಅರಸೀಕೆರೆಯಲ್ಲಿ ಜವರಪ್ಪ ಸಿಕ್ಕಿದ. "ಈಗ ಎಲ್ಲ ಸರಿಯಾಗೈತಲ್ಲ ಮೇಷ್ಟ್ರೇ, ಮತ್ಯಾಕೆ ಬದ್ಲಾಯಿಸ್ತೀರ? ಹಂಗೇ ಇಟ್ಕೊಳಿ," ಎಂದ. ಅವನಿಗೆ ಕಾಗದ ಗೊತ್ತು, ಮನುಷ್ಯರು ಗೊತ್ತಿಲ್ಲ. ನನ್ನ ಗಾಡಿ ನನಗೆ ಬೇಡವೇ? ಬೋರ್ಡು ಬದಲಾಯಿಸಲೇಬೇಕು. ಎರಡು ಮೂರು ಸಲ ಹೋಗಬೇಕಾಗಬಹುದು.

೧೭ ನವೆಂಬರ್, ಭಾನುವಾರ

ಹುಲಿಕೆರೆ. ಸ್ಕ್ರೂಡ್ರೈವರ್ ಮರೆತು ಬಂದೆ ಎಂದು ಹೇಳಿದೆ. ಹೇಳುವಾಗ ಅದು ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಚುಚ್ಚುತ್ತಿತ್ತು. ಅದರ ಮೊನೆ ಸ್ವಲ್ಪ ಮೊಂಡು, ಅಂಥದರಲ್ಲಿ ಒಳ್ಳೆಯ ಬೋರ್ಡು ಹಾಳು ಮಾಡುವುದು ಬೇಡ ಎನ್ನಿಸಿತು.

ಈ ಸಲ ಕೊಳ ನೋಡಿದೆವು, ನಾಲ್ವರೂ. ಷಡಕ್ಷರಿ ನನ್ನ ಕೈ ಹಿಡಿದುಕೊಂಡು ಮೆಟ್ಟಿಲು ಇಳಿಸಿದ.

೨೪ ನವೆಂಬರ್, ಭಾನುವಾರ

ಇವತ್ತು ಅವರೇ ಬಂದರು. ಆರು ವರ್ಷದ ಮೇಲೆ ನಮ್ಮ ಮನೆಯ ಹೊಸಿಲು ತುಳಿದರು. ಗಾಡಿಯ ಸದ್ದು ತಿರುವಿನಲ್ಲಿರುವಾಗಲೇ ನಾನು ಅಂಗಳಕ್ಕೆ ಬಂದಿದ್ದೆ. ನನ್ನ ಗಾಡಿಯ ಸದ್ದು ನನಗೆ ಗೊತ್ತಾಗದೆ ಇರುತ್ತದೆಯೇ? ಅದರ ಜೊತೆ ಇನ್ನೊಂದು ಸದ್ದೂ ಕೇಳಿಸುತ್ತಿತ್ತು. ದಾರಿಯಲ್ಲಿ ಬಾಣಾವರದಲ್ಲಿ ಯಾರದೋ ಮೋಟಾರು ರಿಪೇರಿ ಮುಗಿಸಿಕೊಂಡು ಬಂದಿದ್ದರಿಂದ ಹ್ಯಾಂಡಲ್ಲಿಗೆ ರಿಪೇರಿ ಚೀಲ ನೇತುಹಾಕಿದ್ದ. ಗುಂಡಿ ಸಿಕ್ಕಿದಾಗಲೆಲ್ಲ ಅದು ಝಲ್ ಝಲ್ ಎನ್ನುತ್ತಿತ್ತು.

ಷಡಕ್ಷರಿ ಗಾಡಿ ನಿಲ್ಲಿಸಿ ಇಳಿದು, ಮೊದಲು ಹಣೆ ಚಚ್ಚಿಕೊಂಡ.

"ಥತ್! ಸ್ಕ್ರೂಡ್ರೈವರ್ ತರಾದೇ ಮರ್ತ್‌ಬಿಟ್ಟೆ ಕಣಣ್ಣ."

ಅನುಸೂಯ ಆ ಚೀಲವನ್ನೇ ನೋಡುತ್ತ, "ಮತ್ತೆ ಅದ್ರಲ್ಲಿ ಏನ್..." ಎಂದು ಶುರು ಮಾಡಿದಳು. ಹೆಂಗಸರಿಗೆ ಕೆಲವು ವಿಷಯ ತಿಳಿಯುವುದಿಲ್ಲ. ಕಾಫಿ ಇಡು ಹೋಗು ಎಂದು ಅವಳನ್ನು ಒಳಗೆ ಕಳಿಸಿ, ಚೀಲವನ್ನು ನಾನೇ ಎತ್ತಿ ಸದ್ದಾಗದ ಹಾಗೆ ಜಗುಲಿಯ ಮೂಲೆಯಲ್ಲಿ ಇಟ್ಟೆ. ಒಳ್ಳೆ ತೂಕವಿತ್ತು.

ರಾತ್ರಿ ಊಟ ಮುಗಿಸಿಕೊಂಡೇ ಹೊರಟರು. ಬೋರ್ಡಿನ ಕೆಲಸ ಹಾಗೇ ಉಳಿದಿದೆ. ಬರುವ ಭಾನುವಾರ ನಾವು ಹೋಗಲೇಬೇಕು.